ಎಂಜಿನ್ ಬದಲಾಯಿಸಿದ ವಿಮಾನವೇ? ಮೊದಲು ತೂಗಿಸಿ, ಆಮೇಲೆ ದುಡ್ಡು ಕೊಡಿ

ಮನೆಯ ಶೆಡ್ಡಿನಲ್ಲಿ ಕಟ್ಟಿದ ಸಣ್ಣ ವಿಮಾನಗಳು ಇಲ್ಲಿ ಅಮೆರಿಕದಲ್ಲಿ ಒಂದು ಕಾರಿನ ಬೆಲೆಗೆ ಸಿಗುತ್ತವೆ. ನಮ್ಮ ಕನ್ನಡದ ಗೆಳೆಯರಲ್ಲೂ ಕೆಲವರಿಗೆ ಈ ಹುಚ್ಚು ಹತ್ತಿದೆ. ಅವರಿಗಾಗಿಯೇ ಬರೆಯುತ್ತಿದ್ದೇನೆ. ನಕ್ಷೆಯಲ್ಲಿ ಹೇಳಿದ ಎಂಜಿನ್ ಬಿಟ್ಟು ಬೇರೆಯದನ್ನು ಕೂರಿಸಿದ್ದರೆ, ಜೊತೆಗೆ ಕೊಡುವ ತೂಕದ ಹಾಳೆಯನ್ನು ನಂಬಬೇಡಿ.

ನಾನು ಕೊಂಡದ್ದು ಇಬ್ಬರು ಕೂರುವ ವಿಮಾನ. ಜನ, ಪೆಟ್ರೋಲ್ ಎಲ್ಲಾ ಸೇರಿ 500 ಕೆಜಿ ಮಿತಿ. ನಕ್ಷೆ ಇದ್ದದ್ದು ಸಣ್ಣ ವಿಮಾನಗಳಿಗೆ ಹಾಕುವ ಹಗುರವಾದ ರೋಟ್ಯಾಕ್ಸ್ 912 ಎಂಜಿನ್ನಿಗೆ. ಮಾರಿದವರು ಹಾಕಿದ್ದು ಹಳೆಯ ಸುಬಾರು ಕಾರಿನ ಎಂಜಿನ್. ಗೇರ್‌ಬಾಕ್ಸ್, ರೇಡಿಯೇಟರ್, ನೀರು ಸೇರಿ ಮೂಗಿನ ಮೇಲೆ ಸುಮಾರು 30 ಕೆಜಿ ಜಾಸ್ತಿ. ಕೊಳ್ಳುವ ಮುಂಚೆ ತೂಗೋಣ ಅಂದೆ. ತಕ್ಕಡಿ ಇಲ್ಲ, ಲೆಕ್ಕವೆಲ್ಲ ಆಗಿದೆ ಅಂತ ಸಹಿ ಹಾಕಿದ ಹಾಳೆ ಕೊಟ್ಟರು. ಅದರಲ್ಲಿ ಖಾಲಿ ತೂಕ 265 ಕೆಜಿ, ಸಿ.ಜಿ. (ಇಡೀ ವಿಮಾನದ ಭಾರ ಸಮತೂಕವಾಗಿ ನಿಲ್ಲುವ ಬಿಂದು) ಮಿತಿಯೊಳಗೆ.

ತಂದ ಮೇಲೆ ಮೂರು ಚಕ್ರಕ್ಕೂ ಒಂದೊಂದು ತಕ್ಕಡಿ ಇಟ್ಟು ತೂಗಿದರೆ 310! ಸಿ.ಜಿ. ಮಾತ್ರ ನಿಜಕ್ಕೂ ಮಿತಿಯೊಳಗೇ ಇತ್ತು. ಮೂಗು ಅಷ್ಟು ಭಾರ ಇದ್ದರೂ ಅದು ಹೇಗೆ? ಬಾಲದ ಮುಚ್ಚಳ ಬಿಚ್ಚಿದಾಗ ಗೊತ್ತಾಯಿತು. ಏತದ ಹಿಂದಿನ ತುದಿಗೆ ಕಲ್ಲು ಕಟ್ಟಿದ ಹಾಗೆ, ಒಳಗೆ ಸೀಸದ ಗಟ್ಟಿಗಳನ್ನು ಬಿಗಿದಿದ್ದರು. ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ.

ಲೆಕ್ಕ ಸರಳ. ಸಿ.ಜಿ.ಯಿಂದ 1.2 ಮೀಟರ್ ಮುಂದೆ 30 ಕೆಜಿ ಸೇರಿದರೆ, 4 ಮೀಟರ್ ಹಿಂದೆ 9 ಕೆಜಿ ಇಟ್ಟು ಸರಿದೂಗಿಸಬಹುದು. ಹೆಚ್ಚಾದ 45 ಕೆಜಿಯಲ್ಲಿ ಮಿಕ್ಕದ್ದು ದಪ್ಪ ಬಣ್ಣ, ದೊಡ್ಡ ಬ್ಯಾಟರಿ ಇತ್ಯಾದಿ. ಕಾಗದದ ಮೇಲೆ ಎಲ್ಲಾ ಸರಿ, ಅಲ್ವಾ? ಅಲ್ಲ. 500ರಲ್ಲಿ 310 ಕಳೆದರೆ ಜನಕ್ಕೆ, ಪೆಟ್ರೋಲಿಗೆ ಉಳಿದದ್ದು 190 ಕೆಜಿ. ನಾನು ಮತ್ತು ಗೆಳೆಯ ಕೂತರೆ 165. ಇನ್ನು 25 ಕೆಜಿ ಅಂದರೆ ಸುಮಾರು 35 ಲೀಟರ್ ಪೆಟ್ರೋಲ್. ಗಂಟೆಗೆ 18–20 ಲೀಟರ್ ಕುಡಿಯುವ ಎಂಜಿನ್‌ಗೆ ಅರ್ಧ ಗಂಟೆಯದನ್ನು ತೆಗೆದಿಟ್ಟರೆ ಇನ್ನೆಷ್ಟು ದೂರ ಹೋಗೋದು?

ಅದಕ್ಕಿಂತ ಹೆದರಿಸಿದ್ದು ಬೇರೆ. ಎರಡೂ ತುದಿಯಲ್ಲಿ ಭಾರ ಇರುವ ವಿಮಾನ ಸ್ಪಿನ್‌ಗೆ (ಗಿರಕಿ ಹೊಡೆಯುತ್ತಾ ಕೆಳಗೆ ಬೀಳುವ ಸ್ಥಿತಿಗೆ) ಬಿದ್ದರೆ ಅದನ್ನು ನಿಲ್ಲಿಸುವುದು ಕಷ್ಟ. ಬಾಲದ ತಗಡು ಆ ಸೀಸವನ್ನು ಹೊರಲೆಂದು ಮಾಡಿದ್ದೂ ಅಲ್ಲ. ಬೋಲ್ಟ್ ಸಡಿಲವಾಗಿ ಗಟ್ಟಿ ಜಾರಿದರೆ ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಹಲಗೆ) ಕೇಬಲ್ ಸಿಕ್ಕಿಕೊಳ್ಳಬಹುದು. ಕಳಚಿ ಬಿದ್ದೇಹೋದರೆ ಮೂಗು ಭಾರವಾಗಿ, ಇಳಿಯುವಾಗ ಅದನ್ನು ಎತ್ತೋಕೆ ಎಲಿವೇಟರ್‌ಗೆ ಶಕ್ತಿ ಸಾಲುವುದಿಲ್ಲ.

ಭಾರದ ಎಂಜಿನ್ ಹಾಕುವವರು ಸಾಮಾನ್ಯವಾಗಿ ಮೌಂಟ್ (ಎಂಜಿನ್ ಹಿಡಿದಿಡುವ ಚೌಕಟ್ಟು) ಗಿಡ್ಡ ಮಾಡಿ, ಎಂಜಿನ್ನನ್ನು ಫೈರ್‌ವಾಲ್ (ಅದರ ಹಿಂದಿನ ಬೆಂಕಿತಡೆ ಗೋಡೆ) ಹತ್ತಿರಕ್ಕೆ ಎಳೆಯುತ್ತಾರೆ. ಹಗುರವಾದದ್ದಾದರೆ ಮುಂದಕ್ಕೆ ಚಾಚುತ್ತಾರೆ. ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಪೋರ್ಟರ್ ವಿಮಾನ ನೋಡಿ. 1959ರಲ್ಲಿ ಅದು ಪಿಸ್ಟನ್ ಎಂಜಿನ್ನಿನೊಂದಿಗೆ ಹಾರಿತು. ಆಮೇಲೆ ಹಗುರವಾದ ಟರ್ಬೈನ್ ಬಂದಾಗ ಮೂಗು ಉದ್ದವಾಯಿತು. ನನ್ನ ವಿಮಾನದಲ್ಲಿ ಮೌಂಟ್ ಮುಟ್ಟಿಯೇ ಇರಲಿಲ್ಲ. ಸೀಸ ಅಗ್ಗ, ಅಷ್ಟೇ. ಮೌಂಟ್ ಬದಲಿಸಿದರೂ ಕೂಡಿದ ತೂಕವೇನೂ ಇಳಿಯಲ್ಲ ಬಿಡಿ.

ಎಂಜಿನ್ ಹಿಂದೆ ಇರುವ ವಿಮಾನ ನೋಡಲು ಹೋದರೆ ಇನ್ನೂ ಹುಷಾರು. ಅಲ್ಲಿ ಪೈಲಟ್‌ನ ತೂಕವೇ ಮುಂದಿನ ಭಾರ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಡ್ ವಿಮಾನವನ್ನು ನಿಲ್ಲಿಸುವಾಗ ಮೂಗು ನೆಲಕ್ಕೆ ಊರಿ ಇಡುತ್ತಾರೆ, ಇಲ್ಲದಿದ್ದರೆ ಖಾಲಿ ವಿಮಾನ ಹಿಂದಕ್ಕೆ ವಾಲಬಹುದು. 85 ಕೆಜಿಯವರು ಹಾರಿಸುತ್ತಿದ್ದದ್ದನ್ನು 55 ಕೆಜಿಯವರು ಕೊಂಡರೆ ಸಿ.ಜಿ. ಹಿಂದಕ್ಕೆ ಸರಿಯುತ್ತದೆ. ಮೂಗು ಭಾರಕ್ಕಿಂತ ಅದು ಹೆಚ್ಚು ಅಪಾಯ.

ಮಾರಿದವರು ಈಗ ಫೋನ್ ಎತ್ತುವುದಿಲ್ಲ. ಇದ್ದ ಸ್ಥಿತಿಯಲ್ಲೇ ಮಾರಾಟ ಅಂತ ಕರಾರಿನಲ್ಲಿ ಬರೆದಿದೆ. ವಕೀಲರೂ ಕೈ ಚೆಲ್ಲಿದರು.

ಕೊಳ್ಳುವವರು ಹೀಗೆ ಮಾಡಿ. ಮನೆಯಲ್ಲಿ ವಿಮಾನ ಕಟ್ಟುವವರ ಇ.ಎ.ಎ. ಸಂಸ್ಥೆಯ ಎಷ್ಟೋ ಸ್ಥಳೀಯ ಘಟಕಗಳ ಹತ್ತಿರ ವಿಮಾನ ತೂಗುವ ತಕ್ಕಡಿ ಇರುತ್ತವೆ, ಕೇಳಿ ತನ್ನಿ. ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ, ಎಂಜಿನ್ ಆಯಿಲ್ ತುಂಬಿಸಿ ನೀವೇ ತೂಗಿ. ಬಾಲದ ಮುಚ್ಚಳಗಳನ್ನೆಲ್ಲ ಬಿಚ್ಚಿಸಿ. ಆಗಲ್ಲ ಅಂದರೆ ಮುಂಗಡ ಕೊಡದೆ ವಾಪಸ್ ಬನ್ನಿ.