ರಾಕೆಟ್ (1829): ಬಾಯ್ಲರಿಗೆ ಪೂರ್ಣ ಅಂಕ, ಸಿಲಿಂಡರಿಗೆ ಅರ್ಧ

1829ರ ಅಕ್ಟೋಬರಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆ ರೈನ್‌ಹಿಲ್‌ನಲ್ಲಿ ನಡೆಸಿದ ಉಗಿ ರೈಲು ಎಂಜಿನ್ನುಗಳ ಪರೀಕ್ಷೆಯ ಷರತ್ತುಗಳು ಬಿಗಿಯಾಗಿದ್ದವು. ನಾಲ್ಕು ಗಾಲಿಯ ಎಂಜಿನ್ ನಾಲ್ಕೂವರೆ ಟನ್ ಮೀರಬಾರದು, ಉಗಿಯ ಒತ್ತಡ ಚದರ ಅಂಗುಲಕ್ಕೆ 50 ಪೌಂಡ್ ದಾಟಬಾರದು, ಬೆಲೆ 550 ಪೌಂಡಿನೊಳಗಿರಬೇಕು. ಸ್ಟೀಫನ್‌ಸನ್ ಕಂಪನಿಯ ರಾಕೆಟ್ ಗೆದ್ದಿತು. ಅದನ್ನು ಗೆಲ್ಲಿಸಿದ್ದು ಮುಖ್ಯವಾಗಿ ನೀರನ್ನು ಕಾಯಿಸಿ ಉಗಿ ಮಾಡುವ ಬಾಯ್ಲರ್.

ಆರು ಅಡಿ ಉದ್ದದ ಈ ಬಾಯ್ಲರಿನಲ್ಲಿ ಒಂದೇ ದಪ್ಪ ಹೊಗೆಕೊಳವೆಯ ಬದಲು 3 ಅಂಗುಲ ವ್ಯಾಸದ 25 ತಾಮ್ರದ ಕೊಳವೆಗಳಿವೆ. ರೈಲ್ವೆಯ ಖಜಾಂಚಿ ಹೆನ್ರಿ ಬೂತ್ ಕೊಟ್ಟ ಸಲಹೆಯಿದು. ಲೆಕ್ಕ ಹಾಕಿ ನೋಡಿ: ಇಷ್ಟೇ ಉದ್ದದ, ಎರಡಡಿ ವ್ಯಾಸದ ಒಂಟಿ ಕೊಳವೆಗೆ ಸುಮಾರು 38 ಚದರಡಿ ಕಾಯುವ ಮೈ ಸಿಕ್ಕರೆ, ಈ 25ಕ್ಕೆ ಸುಮಾರು 118 ಚದರಡಿ. ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿ ಹೊರಬಿದ್ದ ಉಗಿ ಚಿಮಣಿಯಲ್ಲಿ ಮೇಲಕ್ಕೆ ಚಿಮ್ಮಿ ಬೆಂಕಿಗೆ ಗಾಳಿ ಎಳೆಯುತ್ತದೆ. ಈ ಸೆಳೆತ ಹದವಾಗಿರಬೇಕು. ಅದೇ ಪರೀಕ್ಷೆಯಲ್ಲಿ ಸ್ಪರ್ಧಿಸಿದ ಟಿಮೊಥಿ ಹ್ಯಾಕ್‌ವರ್ತ್‌ರ ಸಾನ್ಸ್ ಪರೇಲ್ ಎಂಜಿನ್ನಿನಲ್ಲಿ ಅದು ಎಷ್ಟು ಜೋರಾಗಿತ್ತೆಂದರೆ ಉರಿಯದ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಚಿಮಣಿಯಿಂದಲೇ ಹಾರಿಹೋಗುತ್ತಿತ್ತು. ಅದರ ತೂಕವೂ ಮಿತಿ ಮೀರಿತ್ತು ಅನ್ನಿ.

ಸಿಲಿಂಡರುಗಳ ವಿಷಯಕ್ಕೆ ಬಂದರೆ ಹೊಗಳಲು ಅಷ್ಟಿಲ್ಲ. ಹಳೆಯ ಎಂಜಿನ್ನುಗಳ ಲಂಬ ಸಿಲಿಂಡರಿಗಿಂತ ಇದು ವಾಸಿ. ಅಲ್ಲಿ ಪಿಸ್ಟನ್ನಿನ ಪೂರ್ತಿ ಒದೆತ ಸ್ಪ್ರಿಂಗಿಗೇ ಬೀಳುತ್ತಿತ್ತು. ರಾಕೆಟ್‌ನಲ್ಲಿ ಅವನ್ನು ಸುಮಾರು 38 ಡಿಗ್ರಿ ಓರೆಯಾಗಿ ಕೂರಿಸಿದ್ದಾರೆ. ಹಾಗಾಗಿ ಒದೆತದ ಒಂದು ಪಾಲು ಇನ್ನೂ ಸ್ಪ್ರಿಂಗನ್ನು ಒತ್ತಿ ಬಿಡುತ್ತದೆ, ವೇಗ ಏರಿದಂತೆ ಎಂಜಿನ್ ಓಲಾಡುತ್ತದೆ. ಮುಂದೆ ಇದೇ ಎಂಜಿನ್ನಿನ ಸಿಲಿಂಡರುಗಳನ್ನು ಬಹುತೇಕ ಅಡ್ಡಕ್ಕೆ ಇಳಿಸಬೇಕಾಯಿತು. ಇಂದು ಉಳಿದಿರುವ ಮೂಲ ರಾಕೆಟ್ ಆ ರೂಪದ್ದೇ, ಹಾಗಾಗಿ 1829ರ ಚಿತ್ರಗಳಿಗೆ ಹೋಲುವುದಿಲ್ಲ.

ಇನ್ನೆರಡು ಕೊರತೆಗಳು. ಕೊಳವೆಗಳು ನೇರ ಚಿಮಣಿಯ ಬುಡಕ್ಕೇ ತೆರೆದುಕೊಳ್ಳುತ್ತವೆ, ಬೂದಿ ತಂಗಲು ಪೆಟ್ಟಿಗೆಯಿಲ್ಲ. ಒಲೆಯೂ ಬಾಯ್ಲರಿನ ಹೊರಗಿದ್ದು ಪೈಪುಗಳ ಮೂಲಕ ಕೂಡಿಕೊಂಡಿದೆ. ಕೀಲು ಹೆಚ್ಚಿದಷ್ಟೂ ಸೋರಿಕೆಯ ಜಾಗ ಹೆಚ್ಚು. ಅದೇ ಕಂಪನಿಯ 1830ರ ನಾರ್ಥಂಬ್ರಿಯನ್ ಎಂಜಿನ್ ಇವೆರಡನ್ನೂ ಸರಿಪಡಿಸಿತು.

ಎಂಜಿನ್ ಎಳೆಯುವುದು ಎರಡೇ ಚಾಲಕ ಗಾಲಿಗಳಿಂದ. ಪ್ರಯಾಣಿಕರ ಬಂಡಿಗೆ ಇದು ಸಾಕು, ಭಾರದ ಕಲ್ಲಿದ್ದಲಿಗೆ ಜಾರುತ್ತದೆ. ಅಲ್ಲಿ ಸರಳಿನಿಂದ ಒಂದಕ್ಕೊಂದು ಜೋಡಿಸಿದ ಗಾಲಿಗಳೇ ಬೇಕು. ಪ್ರಯಾಣಿಕರಿಗಾಗಿಯೇ ಎಂಜಿನ್ ಬೇಕಿದ್ದು ಒಂದು ವರ್ಷ ಕಾಯಬಲ್ಲ ಕಂಪನಿಗೆ 1830ರ ಪ್ಲಾನೆಟ್ ಉತ್ತಮ ಆಯ್ಕೆ. ಸಿಲಿಂಡರುಗಳು ಮುಂಭಾಗದಲ್ಲಿ ಒಳಗೆ ಅಡ್ಡಲಾಗಿವೆ, ಓಟ ಹೆಚ್ಚು ಸ್ಥಿರ. ಆದರೆ ಅದಕ್ಕೆ ಡೊಂಕಾದ ಕ್ರ್ಯಾಂಕ್ ಅಚ್ಚು ಬೇಕು. ಆ ಕಾಲದ ಕಬ್ಬಿಣದಲ್ಲಿ ಅದು ಮುರಿಯುವ ಭಯ ಇದ್ದೇ ಇತ್ತು.