ಹೊನ್ನಾವರದ ದೋಣಿವಿಹಾರ: ನೀರು ಏರುವ ಹೊತ್ತು ನೋಡಿ ಹತ್ತಿ

ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲಿನಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿಂದ ಬಸ್ಸು ಹಿಡಿದು ಗೇರುಸೊಪ್ಪೆಯ ಘಟ್ಟ ಇಳಿದರೆ ಹೊನ್ನಾವರ ಸಿಗುತ್ತದೆ. ಕಳೆದ ಡಿಸೆಂಬರಿನಲ್ಲಿ ನಾವು ಮನೆಮಂದಿ ಐವರು ಅಲ್ಲಿ ಎರಡು ದಿನ ಇದ್ದು ಬಂದೆವು. ಶ್ರೀರಂಗಪಟ್ಟಣದ ಸೋಪಾನಕಟ್ಟೆಯಲ್ಲಿ ಕಾವೇರಿಯನ್ನು ನೋಡಿ ಬೆಳೆದ ನಮಗೆ, ಸಮುದ್ರ ಸೇರುವ ಜಾಗದಲ್ಲಿ ನದಿ ಎಷ್ಟು ಅಗಲವಾಗುತ್ತದೆಂಬ ಅಂದಾಜೇ ಇರಲಿಲ್ಲ. ಇಲ್ಲಿ ಶರಾವತಿಯನ್ನು ದಾಟುವ ಕೊಂಕಣ ರೈಲ್ವೆಯ ಸೇತುವೆಯೇ 2 ಕಿಲೋಮೀಟರಿಗಿಂತ ಉದ್ದವಿದೆ.

ಪ್ರವಾಸಿಗರ ಹಣ ಇಲ್ಲಿ ಹೆಚ್ಚಾಗಿ ಹೋಗುವುದು ದೋಣಿವಿಹಾರಕ್ಕೆ. ಮೊದಲ ದಿನ ನಾವು ಮಧ್ಯಾಹ್ನ, ಸಮುದ್ರದ ಇಳಿತಕ್ಕೆ ನದಿಯ ನೀರೂ ಇಳಿಯುತ್ತಿದ್ದ ಹೊತ್ತಿನಲ್ಲಿ ಹತ್ತಿದೆವು. ಒಂದು ಗಂಟೆಗೆಂದು ಬಾಡಿಗೆ ಮಾತಾಡಿದ್ದರೂ ದೋಣಿಯವರು ನದಿಯ ನಡುವೆ ಒಂದು ಸುತ್ತು ಹಾಕಿಸಿ ನಲವತ್ತು ನಿಮಿಷಕ್ಕೇ ದಡಕ್ಕೆ ತಂದರು. ಕೇಳಿದ್ದಕ್ಕೆ, "ಕಾಂಡ್ಲಾ ಒಳಗೆ ಹೋದರೆ ದೋಣಿ ಕೆಸರಿಗೆ ಕೂರುತ್ತದೆ ಸರ್" ಎಂದರು. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳು. ಮಾತು ನಿಜವೇ, ಆದರೆ ಅದನ್ನು ಹಣ ತೆಗೆದುಕೊಳ್ಳುವ ಮೊದಲೇ ಹೇಳಬಹುದಿತ್ತು.

ಮರುದಿನ ಸಿಕ್ಕ ಇನ್ನೊಬ್ಬ ಹಿರಿಯರು, "ಒಂದು ತಾಸು ತಡೀರಿ, ನೀರು ಏರಲಿ" ಎಂದು ನಮ್ಮನ್ನು ದಡದಲ್ಲೇ ಕೂರಿಸಿದರು. ನೀರು ಏರಿದ ಮೇಲೆ ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಗೆ ದೋಣಿ ನುಗ್ಗಿಸಿ, ಎಂಜಿನ್ ನಿಲ್ಲಿಸಿ, ಗಳು ಊರಿ ಮೆಲ್ಲಗೆ ಸಾಗಿಸಿದರು. ಕೊಂಬೆಗಳಲ್ಲಿ ನುಗ್ಗೇಕಾಯಿಯಂತೆ ಜೋತುಬಿದ್ದಿದ್ದವು ಕಾಯಿಗಳಲ್ಲ, ತಾಯಿಮರದಲ್ಲೇ ಮೊಳೆತ ಸಸಿಗಳು ಎಂಬುದು ನಮಗೆ ಗೊತ್ತಾದದ್ದು ಆಗಲೇ. ಕಳಚಿ ಬಿದ್ದದ್ದು ಕೆಸರಿನಲ್ಲಿ ನೆಟ್ಟಗೆ ನಾಟಿಕೊಂಡರೆ ಅಲ್ಲೇ ಬೇರು ಬಿಡುತ್ತದಂತೆ. ಮೊದಲ ದಿನ ಕಳೆದುಕೊಂಡ ಹಣದ ಬೇಸರ ಅಲ್ಲಿಗೆ ತೀರಿತು. ದೋಣಿ ಹತ್ತಲು ಹೆದರುವ ಹಿರಿಯರಿದ್ದರೆ, ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಇದೇ ಕಾಂಡ್ಲಾವನದೊಳಗೆ ಮರದ ಕಾಲುದಾರಿ ಇದೆ. ಸಮೀಪದ ಕಡಲತೀರಕ್ಕೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಿದ್ದು, ಅದು ನಿಜಕ್ಕೂ ಚೊಕ್ಕಟವಾಗಿದೆ.

ಊಟದ ವಿಷಯದಲ್ಲಿ ದೂರಿಲ್ಲ. ಕೆರೆಯ ಜಿಲೇಬಿ ಮೀನು, ಕಾಟ್ಲಾಗಳಿಗೆ ಒಗ್ಗಿದ ನಮ್ಮ ನಾಲಿಗೆಗೆ ಹುರಿದ ಕಾಣೆ ಮೀನಿನ ನವಿರು ಹೊಸದು. ಕುಚ್ಚಲಕ್ಕಿ ಅನ್ನಕ್ಕೆ ಬಡಿಸಿದ ಬಂಗಡೆ ಸಾರಿನಲ್ಲಿ ಮೆಣಸಿನಕಾಳಿಗಿಂತ ತುಸು ದಪ್ಪನೆಯ, ಬಾಯಿ ಬಿಟ್ಟ ಕಾಯೊಂದು ಸಿಕ್ಕಿತು. ನಮ್ಮತ್ತೆ ಅದನ್ನು ಕಚ್ಚಿ, "ನಾಲಿಗೆಯೇ ಜೋಮು ಹಿಡೀತಲ್ಲಪ್ಪ!" ಎಂದು ಗಾಬರಿಯಾದರು. ಬಡಿಸುತ್ತಿದ್ದ ಹೆಂಗಸು ನಗುತ್ತಾ, "ಅಮ್ಮ, ಅದು ಜುಮ್ಮನಕಾಯಿ, ಪರಿಮಳಕ್ಕೆ ಹಾಕೂದು, ಬದಿಗಿಟ್ಟು ಊಟ ಮಾಡಿ" ಎಂದರು. ಹೆಸರಿನಲ್ಲೇ ಎಚ್ಚರಿಕೆ ಇತ್ತು, ನಾವು ಕೇಳಿರಲಿಲ್ಲ ಅಷ್ಟೆ.

ಮೀನಿಗಾಗಿಯೇ ಹೋಗುವವರು ಜೂನ್ 1ರಿಂದ ಜುಲೈ 31ರವರೆಗಿನ ದಿನಗಳನ್ನು ಬಿಡುವುದು ಮೇಲು. ಆಗ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಳೆಯೂ ಜೋರು. ಉಬ್ಬರದ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವುದರಿಂದ, ನಿನ್ನೆ ಹೋಗಿಬಂದವರು ಹೇಳಿದ ಸಮಯವನ್ನೇ ನಂಬಿ ಹೊರಡಬೇಡಿ. ಬಾಡಿಗೆ ಗೊತ್ತುಮಾಡುವಾಗ ಎಷ್ಟು ಹೊತ್ತು ಎಂಬುದರ ಜೊತೆಗೆ, ಕಾಂಡ್ಲಾ ಒಳಗೆ ಕರೆದೊಯ್ಯುತ್ತಾರೆಯೇ ಎಂದೂ ಕೇಳಿ, ಆಮೇಲೆ ಹತ್ತಿ.