ಮೂರು ನೋಡ್‌ನ ಮೆಶ್ ವೈಫೈ: ಎರಡೂವರೆ ವರ್ಷ ಬಳಸಿದ ಮೇಲೆ

‘ಲೋಡ್ ತಾನಾಗಿಯೇ ಹಂಚಿಕೊಳ್ಳುತ್ತದೆ’ ಅಂತ ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿತ್ತು. ಅದನ್ನು ನಂಬಿಯೇ ಈ ವೈಫೈ 6 ಮೆಶ್ ಸೆಟ್ ತಗೊಂಡಿದ್ದೆ. ಮೆಶ್ ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟು ಒಂದೇ ನೆಟ್‌ವರ್ಕ್ ಆಗಿ ಓಡುವ ಕೆಲವು ರೂಟರ್‌ಗಳು; ಒಂದೊಂದೂ ಒಂದು ನೋಡ್. ಯಾವ ಸಾಧನ ಯಾವ ನೋಡ್‌ಗೆ ಅನ್ನುವುದನ್ನು ಸೆಟ್ಟೇ ಹಂಚುತ್ತದೆ ಅನ್ನುವುದು ಬಾಕ್ಸಿನ ಮಾತು. ಎರಡೂವರೆ ವರ್ಷ ಆಯ್ತು, ಈಗಲೂ ಅದೇ ಓಡುತ್ತಿದೆ. ಆದರೆ ಆ ‘ತಾನಾಗಿಯೇ’ ಅರ್ಧ ಮಾತ್ರ ನಿಜ.

ಮೊದಲ ವಾರವೇ ಪ್ರಿಂಟರ್ ಕೈಕೊಟ್ಟಿತು. ಹಳೇದು, ವೈಫೈನ ಹಳೇ ಬ್ಯಾಂಡ್ ಆದ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ಗೊತ್ತಿಲ್ಲ. ಪಕ್ಕದಲ್ಲೇ ಇದ್ದ ನೋಡ್‌ಗೆ ಸೇರಲು ಹೋದರೆ, ‘ಇಲ್ಲಿ ಜನ ಜಾಸ್ತಿ, ಬೇರೆ ಕಡೆ ಹೋಗು’ ಅನ್ನುವ ಹಾಗೆ ಅದು ವಾಪಸ್ ಕಳಿಸುತ್ತಿತ್ತು. ಫೋನ್ ಆದರೆ ಇನ್ನೊಂದು ನೋಡ್ ಹುಡುಕಿಕೊಳ್ಳುತ್ತದೆ. ಪ್ರಿಂಟರ್ ಅದೇ ಬಾಗಿಲನ್ನು ಮೂರು ಸಲ ತಟ್ಟಿ, ಕೆಂಪು ದೀಪ ಮಿಣುಕಿಸಿ ಸುಮ್ನೆ ಮಲಗುತ್ತಿತ್ತು.

ಲ್ಯಾಪ್‌ಟಾಪ್ ಇದರ ಉಲ್ಟಾ. ಒಮ್ಮೆ ಹಿಡಿದ ನೋಡ್ ಬಿಡುವುದೇ ಇಲ್ಲ. ಮಹಡಿ ಮೇಲೆ ಹೋಗಿ ಅಲ್ಲಿನ ನೋಡ್ ಪಕ್ಕದಲ್ಲೇ ಕೂತರೂ ಕೆಳಗಿನದಕ್ಕೇ ಜೋತುಬಿದ್ದಿರುತ್ತಿತ್ತು. ಆ್ಯಪ್ ತೆರೆದರೆ ಸಿಗ್ನಲ್ ಮೈನಸ್ 78 ಡಿಬಿಎಂ, ಅಂದರೆ ತೀರಾ ದುರ್ಬಲ! ಯಾವ ನೋಡ್‌ಗೆ ಸೇರಬೇಕು ಅಂತ ತೀರ್ಮಾನಿಸುವುದು ಸಾಧನವೇ ಹೊರತು ರೂಟರ್ ಅಲ್ಲ. 802.11ವಿ ಅನ್ನುವ ವೈಫೈ ಸೌಲಭ್ಯ ಇದ್ದರೆ ರೂಟರ್ ‘ಅಲ್ಲಿಗೆ ಹೋದರೆ ಒಳ್ಳೇದು’ ಅಂತ ಸಲಹೆ ಕೊಡಬಹುದು. ಕೇಳುವುದು ಬಿಡುವುದು ಲ್ಯಾಪ್‌ಟಾಪ್ ಇಷ್ಟ.

ಅದೊಂದೇ ನಿಧಾನವಾದರೆ ಸಹಿಸಬಹುದಿತ್ತು. ಆದರೆ ಒಂದು ಚಾನೆಲ್‌ನಲ್ಲಿ (ಬ್ಯಾಂಡಿನೊಳಗಿನ ಒಂದು ರೇಡಿಯೋ ದಾರಿ) ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಸರದಿ ಹೇಳುವ ಮೇಷ್ಟ್ರು ಯಾರೂ ಇಲ್ಲ. ಪ್ರತಿ ಸಾಧನವೂ ಮೊದಲು ಕಿವಿಗೊಡುತ್ತದೆ. ಗದ್ದಲ ನಿಂತರೆ 0ಯಿಂದ 15ರ ಒಳಗೆ ಒಂದು ಅಂಕಿ ಆರಿಸಿ, 9 ಮೈಕ್ರೋಸೆಕೆಂಡಿಗೆ ಒಂದರಂತೆ ಇಳಿಸುತ್ತಾ ಬರುತ್ತದೆ. ಸೊನ್ನೆ ಆದಾಗ ಕಳಿಸುತ್ತದೆ. ಇಬ್ಬರು ಒಟ್ಟಿಗೆ ಸೊನ್ನೆಗೆ ಬಂದರೆ ಡಿಕ್ಕಿ. ಆಗ 31ರ ಒಳಗೆ, ಆಮೇಲೆ 63ರ ಒಳಗೆ, ಹೀಗೆ 1023ರವರೆಗೂ ಹಿಗ್ಗುತ್ತದೆ. 1997ರ ಮೊದಲ ವೈಫೈ ಸ್ಟ್ಯಾಂಡರ್ಡ್‌ನಿಂದಲೂ ಪದ್ಧತಿ ಇದೇ. ಇದರಲ್ಲಿ ಸರದಿ ಎಲ್ಲರಿಗೂ ಸಮ, ಹೊತ್ತು ಸಮ ಅಲ್ಲ. ದೂರದ ಲ್ಯಾಪ್‌ಟಾಪ್ ಕಡಿಮೆ ವೇಗದಲ್ಲಿ ಎಳೆದು ಎಳೆದು ಮಾತಾಡುವಾಗ ಉಳಿದವರೆಲ್ಲ ಕಾಯಬೇಕು. ಮೇಲೆ ನಾನು ಫೈಲ್ ಕಳಿಸಿದರೆ ಕೆಳಗೆ ಟಿವಿ ನಿಲ್ಲುತ್ತಿದ್ದುದು ಇದಕ್ಕೇ. ಹೊತ್ತನ್ನು ಸಮವಾಗಿ ಹಂಚುವ ‘ಏರ್‌ಟೈಮ್ ಫೇರ್‌ನೆಸ್’ ಆನ್ ಮಾಡಿದೆ. ಅದು ನೋಡ್ ಕಳಿಸುವುದನ್ನು ಸರಿ ಮಾಡುತ್ತದೆ, ಲ್ಯಾಪ್‌ಟಾಪ್ ಕಳಿಸುವುದನ್ನಲ್ಲ.

ವೈಫೈ 6ರಲ್ಲಿ ನೋಡ್ ತಾನೇ ಸರದಿ ಹಂಚಬಲ್ಲದು, ನಿಜ. ಸಾಧನಗಳೂ ವೈಫೈ 6 ಆಗಿರಬೇಕಲ್ವಾ? ನಮ್ಮಲ್ಲಿ ಅರ್ಧ ಹಳೇವು.

ಕೊನೆಗೆ ಕೆಲಸ ಮಾಡಿದ್ದು ಆಟೋ ತೆಗೆದಿದ್ದು. ಮಹಡಿ ನೋಡ್‌ಗೆ ಕೇಬಲ್ ಎಳೆದೆ. ಅಲ್ಲಿವರೆಗೆ ಅದು ಒಂದೇ ರೇಡಿಯೋದಲ್ಲಿ ಪ್ಯಾಕೆಟ್ (ಡೇಟಾದ ತುಣುಕು) ತಗೊಂಡು, ಅದೇ ರೇಡಿಯೋದಲ್ಲಿ ಮುಂದೆ ದಾಟಿಸುತ್ತಿತ್ತು. ಅರ್ಧ ಹೊತ್ತು ಅದಕ್ಕೇ ಹೋಗುತ್ತಿತ್ತು. ಆಮೇಲೆ ಚಾನೆಲ್ ಬೇರೆ ಮಾಡಿದೆ: 2.4ರಲ್ಲಿ ಮೂರು ನೋಡ್‌ಗೆ 1, 6, 11. 5 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 36, ಮೇಲೆ 149. ಪವರ್ ‘ಹೈ’ನಿಂದ ‘ಮೀಡಿಯಂ’ಗೆ ಇಳಿಸಿದೆ. ಸಿಗ್ನಲ್ ಕಡಿಮೆ ಮಾಡಿದರೆ ವೈಫೈ ಚೆನ್ನಾಗಾಗುತ್ತದೆ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಕೆಳಗಿನ ನೋಡ್ ಮೇಲಕ್ಕೆ ಅಷ್ಟಾಗಿ ಸಿಗದೆ ಹೋದಾಗ ಲ್ಯಾಪ್‌ಟಾಪ್ ತಾನೇ ಮೇಲಿನದಕ್ಕೆ ಹಾರತೊಡಗಿತು. ಪ್ರಿಂಟರ್‌ಗೆ ಬೇರೆ ಹೆಸರಿನ 2.4 ನೆಟ್‌ವರ್ಕ್ ಕೊಟ್ಟು, ಲೋಡ್ ಹಂಚುವ ಬ್ಯಾಲೆನ್ಸಿಂಗ್ ಆಫ್ ಮಾಡಿದೆ. ಅಲ್ಲಿಗೆ ತಕರಾರು ನಿಂತಿತು.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಹಾರ್ಡ್‌ವೇರ್ ಗಟ್ಟಿ, ಒಂದು ಸಲವೂ ಕೆಟ್ಟಿಲ್ಲ. ಸ್ಟಾರ್ ಕಳೆದಿದ್ದು ಸಾಫ್ಟ್‌ವೇರ್‌ಗೆ. ಹೋದ ವರ್ಷ ಒಂದು ಅಪ್‌ಡೇಟ್ ಬಂದು ರಾತ್ರೋರಾತ್ರಿ ಎಲ್ಲವನ್ನೂ ಮತ್ತೆ ಆಟೋಗೆ ತಂದಿಟ್ಟಿತು. ಬೆಳಿಗ್ಗೆ ಪ್ರಿಂಟರ್‌ನ ಕೆಂಪು ದೀಪ ನೋಡಿಯೇ ಗೊತ್ತಾಯಿತು. ಈಗ ಸೆಟ್ಟಿಂಗ್ ಪುಟಗಳ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.